ಫಿಶ್ ಫೈಂಡರ್ ಪರದೆ ತುಂಬ ಚುಕ್ಕಿ, ಗೆರೆ: ಎಲ್ಲಿಂದ ಹುಡುಕಬೇಕು?

ಕೇಳಿದವರು
15 ಅಡಿಯ ಫೈಬರ್ ದೋಣಿ, ಔಟ್‌ಬೋರ್ಡ್ ಎಂಜಿನ್, ಇರುವುದು ಒಂದೇ 12 ವೋಲ್ಟ್ ಬ್ಯಾಟರಿ. ಪ್ರತಿಧ್ವನಿಯಿಂದ ತಳವನ್ನೂ ಮೀನನ್ನೂ ತೋರಿಸುವ ಫಿಶ್ ಫೈಂಡರ್ ಇದೆ. ಅದರ ಟ್ರಾನ್ಸ್‌ಡ್ಯೂಸರ್ (ನೀರಿಗೆ ಧ್ವನಿ ಬಿಟ್ಟು ಪ್ರತಿಧ್ವನಿ ಹಿಡಿಯುವ ಭಾಗ) ಹಿಂಬದಿ ಹಲಗೆಗೆ ಕೂರಿಸಿದ್ದು, 50 ಮತ್ತು 200 ಕಿಲೋಹರ್ಟ್ಜ್ ಎರಡೂ ಇದೆ. ಪರದೆ ಮೇಲೆ ತುಂತುರು ಮಳೆಯ ಹಾಗೆ ಚುಕ್ಕಿ, ಮೇಲಿಂದ ಕೆಳಗೆ ಗೆರೆ. ತಳದ ಗೆರೆ ನಡುನಡುವೆ ಕಡಿದುಹೋಗುತ್ತದೆ. ಆಳ 10ರಿಂದ 25 ಮೀಟರ್. ಸೆನ್ಸಿಟಿವಿಟಿ (ಪ್ರತಿಧ್ವನಿ ಹಿಡಿಯುವ ಸೂಕ್ಷ್ಮತೆ) ಇಳಿಸಿದರೆ ಚುಕ್ಕಿಯ ಜೊತೆ ಮೀನೂ ಮಾಯ. ಹೊಸ ಟ್ರಾನ್ಸ್‌ಡ್ಯೂಸರ್ ಕೊಳ್ಳುವ ಮೊದಲು ಏನೇನು ನೋಡಬೇಕು?

ಲಂಗರು
ಕೊಳ್ಳುವ ಮಾತು ಸದ್ಯಕ್ಕೆ ಬಿಡಿ. ಪರದೆ *ಯಾವಾಗ* ಕೆಡುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಮೊದಲು ದೋಣಿ ನಿಲ್ಲಿಸಿ, ಎಂಜಿನ್ ಆರಿಸಿ, ಪಂಪು, ದೀಪ, ರೇಡಿಯೊ ಎಲ್ಲ ಆಫ್ ಮಾಡಿ ನೋಡಿ. ಆಮೇಲೆ ಎಂಜಿನ್ ನ್ಯೂಟ್ರಲ್‌ನಲ್ಲಿ ಇಟ್ಟು, ಸ್ವಲ್ಪ ರೇಸ್ ಮಾಡಿ. ಕೊನೆಗೆ ಓಡಿಸುತ್ತ ನೋಡಿ.

ನಿಂತಾಗಲೇ ಕೆಟ್ಟಿದ್ದರೆ ಸೆಟ್ಟಿಂಗ್, ಟ್ರಾನ್ಸ್‌ಡ್ಯೂಸರ್ ಮುಖದ ಕೊಳೆ, ಇಲ್ಲವೇ ಕನೆಕ್ಟರ್. ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದಾಗ ಚುಕ್ಕಿ ಹೆಚ್ಚಿದರೆ ಕರೆಂಟಿನ ಗದ್ದಲ. ದೋಣಿ ಮುಂದೆ ಹೋಗುವಾಗ ಮಾತ್ರ ಆದರೆ ನೀರಿನ ಗುಳ್ಳೆ. ಧ್ವನಿ ಗಾಳಿಗುಳ್ಳೆ ದಾಟುವುದಿಲ್ಲ, ಅಲ್ಲೇ ಬಡಿದು ವಾಪಸ್ ಬರುತ್ತದೆ.

ಕೇಳಿದವರು
ನೋಡಿದೆ. ನಿಂತಾಗ ಹೆಚ್ಚುಕಡಿಮೆ ಸ್ವಚ್ಛ. ನ್ಯೂಟ್ರಲ್‌ನಲ್ಲಿ ಚುಕ್ಕಿ ಶುರು, ರೇಸ್ ಮಾಡಿದರೆ ಜಾಸ್ತಿ. ವೇಗ ಹಿಡಿದರೆ ತಳವೇ ಕಾಣೆ, ಆಳದ ಅಂಕಿ ಮಿಣುಕುತ್ತದೆ.

ಉಪ್ಪುನೀರು
ಹಾಗಾದರೆ ರೋಗ ಒಂದಲ್ಲ, ಎರಡು. ಕರೆಂಟಿನದನ್ನು ಮೊದಲು ಮುಗಿಸಿ; ಎರಡನ್ನೂ ಒಟ್ಟಿಗೆ ಕೆದಕಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದೇ ಇಲ್ಲ.

ಪರೀಕ್ಷೆ ಸುಲಭ. ಯುಪಿಎಸ್‌ನಲ್ಲಿ ಬರುವಂಥ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಗೆ ಫಿಶ್ ಫೈಂಡರನ್ನು ಮಾತ್ರ ಜೋಡಿಸಿ, ಅದರದೇ ಫ್ಯೂಸ್ ಇರಲಿ. ದೋಣಿಯ ವೈರಿಂಗಿಗೆ ಪ್ಲಸ್ಸೂ ತಾಗಬಾರದು, ಮೈನಸ್ಸೂ ತಾಗಬಾರದು. ಈಗ ಎಂಜಿನ್ ಹಚ್ಚಿ. ಚುಕ್ಕಿ ಹೋದರೆ ಗದ್ದಲ ಪವರ್ ವೈರಿನಿಂದ ಬರುತ್ತಿತ್ತು. ಹೋಗದಿದ್ದರೆ ಟ್ರಾನ್ಸ್‌ಡ್ಯೂಸರ್ ಕೇಬಲ್ಲು ಎಂಜಿನ್ ವೈರುಗಳ ಪಕ್ಕ ಓಡುತ್ತ ಅದನ್ನು ಹೀರಿಕೊಳ್ಳುತ್ತಿದೆ.

ಪವರ್ ಕಡೆಯಿಂದಾದರೆ: ಸ್ವಿಚ್ ಪ್ಯಾನೆಲ್ಲಿನಿಂದ ಕವಲು ತೆಗೆಯುವುದು ಬಿಟ್ಟು ನೇರ ಬ್ಯಾಟರಿಯಿಂದ ಎರಡೂ ವೈರ್ ಎಳೆಯಿರಿ, ಪ್ಲಸ್ಸಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್. ಎಷ್ಟು ಆಂಪಿಯರ್ ಅಂತ ಫಿಶ್ ಫೈಂಡರ್ ಸೆಟ್ಟಿನ ಕೈಪಿಡಿ ಹೇಳಿದ್ದೇ ಹಾಕಿ. ಸೆಟ್ಟಿನ ಹತ್ತಿರ ಫೆರೈಟ್ ಕ್ಲಿಪ್ಪಿನೊಳಗೆ (ಗದ್ದಲ ತಗ್ಗಿಸಲು ವೈರಿಗೆ ತೊಡಿಸುವ ತುಣುಕು) ವೈರನ್ನು ಮೂರ್ನಾಲ್ಕು ಸುತ್ತು ಹಾಕಿ. ಕೇಬಲ್ ಕಡೆಯಿಂದಾದರೆ ಅದನ್ನು ದೋಣಿಯ ಮತ್ತೊಂದು ಬದಿಯಲ್ಲಿ ಒಂಟಿಯಾಗಿ ಒಯ್ಯಿರಿ. ಉದ್ದ ಹೆಚ್ಚಾಯಿತೆಂದು ಕತ್ತರಿಸಿ ಜೋಡಿಸಬೇಡಿ, ಗದ್ದಲ ತಡೆಯುವ ಒಳಗಿನ ಶೀಲ್ಡ್ ಅಲ್ಲಿಗೇ ಕೆಡುತ್ತದೆ.

ಸ್ಪಾರ್ಕ್ ಪ್ಲಗ್ಗನ್ನೂ ನೋಡಿ. ರೆಸಿಸ್ಟರ್ ಪ್ಲಗ್ (ಕಿಡಿಯ ಗದ್ದಲ ತಗ್ಗಿಸುವಂಥದ್ದು) ಹಾಕಬೇಕಾದ ಎಂಜಿನ್ನಿಗೆ ಸಾದಾ ಪ್ಲಗ್ ಹಾಕಿದ್ದರೆ ಎಷ್ಟು ಫೆರೈಟ್ ತೊಡಿಸಿದರೂ ಅಷ್ಟೇ.

ಕಿಲುಬು
ಮಲ್ಟಿಮೀಟರ್ ಇದ್ದರೆ ಇನ್ನೊಂದು. ಸೆಟ್ ಆನ್ ಇರುವಾಗಲೇ ಬ್ಯಾಟರಿಯ ಟರ್ಮಿನಲ್‌ನಲ್ಲಿ ವೋಲ್ಟೇಜ್ ಅಳೆಯಿರಿ, ಆಮೇಲೆ ಸೆಟ್ಟಿನ ಪ್ಲಗ್ ಹತ್ತಿರ. ಅರ್ಧ ವೋಲ್ಟ್‌ಗಿಂತ ಹೆಚ್ಚು ಫರಕು ಬಂದರೆ ತಂತಿಗಿಂತ ಮೊದಲು ಫ್ಯೂಸ್ ಹೋಲ್ಡರನ್ನೂ ಕ್ರಿಂಪನ್ನೂ (ವೈರಿನ ತುದಿಗೆ ಒತ್ತಿ ಕೂರಿಸಿದ ಲೋಹದ ಜೋಡಣೆ) ಅನುಮಾನಿಸಿ. 5 ಮೀಟರ್ ದೂರಕ್ಕೆ 0.75 ಚದರ ಮಿ.ಮೀ. ತಾಮ್ರದ ತಂತಿ ಹೋಗಿ ಬರುವಾಗ 1 ಆಂಪಿಯರಿಗೆ ಕಾಲು ವೋಲ್ಟಿನಷ್ಟೇ ನುಂಗುತ್ತದೆ. ಉಳಿದದ್ದು ಹಸಿರು ಕಿಲುಬಿನ ಲೆಕ್ಕ. ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬಾಗಿದ ಪಿನ್ ಇದೆಯೇ ನೋಡಿ ಕೂಡಿಸಿ.

ಕೇಳಿದವರು
ಬೇರೆ ಬ್ಯಾಟರಿ ಹಾಕಿದಾಗ ನ್ಯೂಟ್ರಲ್‌ನ ಚುಕ್ಕಿ ಪೂರ್ತಿ ಹೋಯಿತು. ಓಡುವಾಗ ತಳ ಕಡಿಯುವುದು ಮಾತ್ರ ಹಾಗೇ ಇದೆ.

ಹುಟ್ಟುಗೋಲು
ಅದು ಜಾಗದ ತಪ್ಪು. ಫೈಬರ್ ದೋಣಿಯಲ್ಲಿ ಟ್ರಾನ್ಸ್‌ಡ್ಯೂಸರಿನ ಕೆಳಮುಖ ದೋಣಿಯ ತಳಕ್ಕಿಂತ ಸುಮಾರು 3 ಮಿ.ಮೀ. ಕೆಳಗಿರಬೇಕು, ಅಲ್ಯೂಮಿನಿಯಂ ಆದರೆ 10 ಮಿ.ಮೀ.ವರೆಗೆ. ಪ್ರೊಪೆಲ್ಲರಿನಿಂದ 38 ಸೆಂ.ಮೀ. ಆದರೂ ದೂರ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಬಲಕ್ಕೆ ತಿರುಗುವುದಾದರೆ ಬಲಬದಿಯಲ್ಲಿ ಕೂರಿಸಿ, ಅಲ್ಲಿ ಅಲಗು ಕೆಳಕ್ಕೆ ಇಳಿಯುತ್ತದೆ. ದೋಣಿಯ ತಳದಲ್ಲಿ ಉದ್ದಕ್ಕೆ ಇರುವ ಏಣು, ರಿವೆಟ್ ಸಾಲು, ನೀರೆಳೆಯುವ ತೂತು, ಇವುಗಳ ನೇರ ಹಿಂದೆ ಬೇಡ. ಅಲ್ಲೆಲ್ಲ ನೊರೆ ಬಾಲದ ಹಾಗೆ ಹಿಂದಕ್ಕೆ ಎಳೆದುಕೊಂಡು ಬರುತ್ತದೆ.

ತೂತು ಕೊರೆಯುವ ಮುಂಚೆ ಟ್ರಾನ್ಸ್‌ಡ್ಯೂಸರನ್ನು ಒಂದು ಕೋಲಿಗೆ ಕಟ್ಟಿ, ದೋಣಿಯ ಮಗ್ಗುಲಲ್ಲಿ ಒಂದಡಿ ಮುಳುಗಿಸಿ ನಿಧಾನಕ್ಕೆ ಓಡಿಸಿ. ತಳ ಕಡಿಯದಿದ್ದರೆ ಟ್ರಾನ್ಸ್‌ಡ್ಯೂಸರ್ ಆರೋಗ್ಯವಾಗಿದೆ, ಜಾಗ ಮಾತ್ರ ಬದಲಿಸಿ. ಹಲಗೆಗೆ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಮೊದಲು ಬಿಗಿದು, ಸ್ಕ್ರೂಗಳನ್ನು ಆ ಪಟ್ಟಿಗೇ ಹಾಕಿದರೆ ಎತ್ತರ ಬದಲಿಸುವಾಗೆಲ್ಲ ದೋಣಿಗೆ ಹೊಸ ತೂತು ಬೀಳುವುದಿಲ್ಲ. ಹಳೆ ತೂತುಗಳನ್ನು ಮರೀನ್ ಸೀಲಂಟಿನಿಂದ ಮುಚ್ಚಿ.

ಎತ್ತರ ಸರಿಮಾಡುವುದು 3 ಮಿ.ಮೀ.ನಷ್ಟೇ ಒಂದೊಂದು ಸಲಕ್ಕೆ. ತೀರ ಕೆಳಗಿಳಿಸಿದರೆ ನೀರು ಕಾರಂಜಿಯಂತೆ ಎರಚುತ್ತದೆ, ಅದೇ ಹೊಸ ಗುಳ್ಳೆ ಹುಟ್ಟಿಸುತ್ತದೆ.

ಉಪ್ಪುನೀರು
ಹೊರತೆಗೆದಿದ್ದೀರಲ್ಲ, ಟ್ರಾನ್ಸ್‌ಡ್ಯೂಸರಿನ ಮುಖವನ್ನೂ ತೊಳೆಯಿರಿ. ಸಾಬೂನು ನೀರು, ಮೆತ್ತನೆ ಸ್ಪಾಂಜು. ಹೊಸದಕ್ಕೂ ಇದು ಬೇಕು, ಕೈಯ ಜಿಡ್ಡಿದ್ದರೆ ನೀರು ಅಂಟದೆ ತೆಳು ಗಾಳಿಪೊರೆ ಉಳಿಯುತ್ತದೆ. ಚಿಪ್ಪು ಕಚ್ಚಿಕೊಂಡಿದ್ದರೆ ಮರದ ಚಕ್ಕೆಯಿಂದ ತೆಗೆಯಿರಿ, ಚಾಕು ಬೇಡ. ತಿನ್ನರ್, ಅಸಿಟೋನ್ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ.

ಲಂಗರು
ಇಷ್ಟಾದ ಮೇಲೆ ಸೆಟ್ಟಿಂಗ್. ಫ್ಯಾಕ್ಟರಿ ರೀಸೆಟ್ ಮಾಡಿ, ಮೆನುವಿನಲ್ಲಿ ನಿಮ್ಮ ಟ್ರಾನ್ಸ್‌ಡ್ಯೂಸರಿನ ಮಾದರಿ ಸರಿಯಿದೆಯೇ ನೋಡಿ, ಡೆಮೊ ಮೋಡ್ ಆಫ್ ಇರಲಿ. ನಿಮ್ಮ ಆಳಕ್ಕೆ 200 ಕಿಲೋಹರ್ಟ್ಜ್ ಸಾಕು. 20 ಡಿಗ್ರಿಯ ಕೋನ್ (ಧ್ವನಿ ಕೆಳಕ್ಕೆ ಹರಡುವ ಶಂಕು) ಆದರೆ 20 ಮೀಟರ್ ಆಳದಲ್ಲಿ ಅದು ನೋಡುವುದು 7 ಮೀಟರ್ ಅಗಲದ ವೃತ್ತವನ್ನು. 50ರ ಕೋನ್ ಸಾಮಾನ್ಯವಾಗಿ ಇದಕ್ಕಿಂತ ತುಂಬ ಅಗಲ, ಆದ್ದರಿಂದ ಚಿತ್ರವೂ ಕಲಸಿದಂತಿರುತ್ತದೆ.

ಸೆನ್ಸಿಟಿವಿಟಿಯನ್ನು ಕಣ್ಣಂದಾಜಿನಲ್ಲಿ ಇಳಿಸಬೇಡಿ. 12 ಮೀಟರ್ ನೀರಿದ್ದರೆ ರೇಂಜನ್ನು (ಪರದೆ ತೋರಿಸುವ ಆಳ) ಆಟೋದಿಂದ ತೆಗೆದು 30 ಮೀಟರಿಗೆ ಇಡಿ. 24 ಮೀಟರಿನಲ್ಲಿ ತಳದ ಎರಡನೇ ಪ್ರತಿಧ್ವನಿ ಮಸುಕಾಗಿ ಕಾಣುವವರೆಗೆ ಸೆನ್ಸಿಟಿವಿಟಿ ಏರಿಸಿ, ಅಲ್ಲಿಂದ ಒಂದೆರಡು ಹೆಜ್ಜೆ ಇಳಿಸಿ. ಕೆಸರು ತಳದಲ್ಲಿ ಆ ಎರಡನೇ ಗೆರೆ ಸುಲಭಕ್ಕೆ ಬರುವುದಿಲ್ಲ, ಗಟ್ಟಿ ತಳ ನೋಡಿ ಮಾಡಿ. ನಾಯ್ಸ್ ಫಿಲ್ಟರ್ ಕೊನೆಗೆ, ಅದೂ ಕಡಿಮೆಯಲ್ಲಿ. ಜಾಸ್ತಿ ಮಾಡಿದರೆ ಸಣ್ಣ ಮೀನೂ ಗದ್ದಲದ ಲೆಕ್ಕಕ್ಕೆ ಹೋಗುತ್ತದೆ.

ಕಿಲುಬು
ಕೆಲವು ಗೆರೆ ದೋಷವೇ ಅಲ್ಲ. ನೀರಿನ ನಡುವೆ ಅಡ್ಡಕ್ಕೆ ಒಂದೇ ಸಮನಾದ ಮಸುಕು ಪಟ್ಟಿ ಇದ್ದರೆ ಬಿಸಿ ಮತ್ತು ತಣ್ಣನೆಯ ನೀರು ಸೇರುವ ಪದರವೋ ಪ್ಲವಕವೋ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಇರಬಹುದು. ಸಮಾನ ಅಂತರದ ಓರೆ ಚುಕ್ಕಿಸಾಲು ಪಕ್ಕದ ದೋಣಿಯ ಫಿಶ್ ಫೈಂಡರಿನದು. ಫ್ರೀಕ್ವೆನ್ಸಿ ಬದಲಿಸಿದರೆ ಹೋಗುತ್ತದೆ. ಇಡೀ ಪರದೆ ಕಪ್ಪಾದಂತೆ ಕಂಡರೆ ತಂಪು ಕನ್ನಡಕ ತೆಗೆದು ನೋಡಿ, ಪೋಲರೈಸ್ಡ್ ಗಾಜಿಗೂ ಎಲ್‌ಸಿಡಿಗೂ ಆಗಿಬರುವುದಿಲ್ಲ.

ಹುಟ್ಟುಗೋಲು
ಕೂರಿಸಿ ಮುಗಿದ ಮೇಲೆ ನಿಧಾನಕ್ಕೆ ಓಡುತ್ತ, ಮೀನು ಪರದೆಯಲ್ಲಿ ಮೂಡಿಸುವ ಕಮಾನು ನೋಡಿ. ಪ್ರತಿಯೊಂದೂ ಅರ್ಧ ಕಮಾನೇ ಆಗಿದ್ದರೆ ಟ್ರಾನ್ಸ್‌ಡ್ಯೂಸರ್ ಮುಂದಕ್ಕೋ ಹಿಂದಕ್ಕೋ ವಾಲಿದೆ. ತಿರುಪು ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿ ಮತ್ತೆ ನೋಡಿ. ದೋಣಿ ನಿಂತಿದ್ದಾಗ ಕಮಾನು ಹುಡುಕಬೇಡಿ, ಆಗ ಕೆಳಗೇ ನಿಂತ ಮೀನು ಉದ್ದನೆಯ ಗೆರೆಯಾಗಿಯೇ ಬರುತ್ತದೆ.