ಪದ ಬೇಕಿದೆ: ‘ಗ್ರೌಂಡ್ ಲೂಪ್’ (ತುರ್ತು)

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆಯೊಳಗೆ ಒಂದು ಪದ ಬೇಕು. ಅಮೆರಿಕದಲ್ಲಿರುವ ನಮ್ಮ ಭಾವ ಗ್ಯಾರೇಜಿನಲ್ಲೇ ಎರಡು ಸೀಟಿನ ವಿಮಾನ ಕಟ್ಟಿದ್ದಾರೆ. ಬಾಲದಡಿ ಪುಟ್ಟ ಚಕ್ರ ಇರುವಂಥದ್ದು. ಇನ್ನೂ ಹಾರಿಸಿಲ್ಲ, ನೆಲದ ಮೇಲೆ ಓಡಿಸಿ ಕೈ ಪಳಗಿಸಿಕೊಳ್ಳುತ್ತಿದ್ದಾರೆ. ಮೂತಿ ಮೇಲೆದ್ದಿರುವುದರಿಂದ ಮುಂದಿನ ದಾರಿ ಕಾಣುವುದಿಲ್ಲವಂತೆ. ಹಾವಿನ ಹಾಗೆ ಆಚೀಚೆ ಹೊರಳಿಸುತ್ತಾ ಪಕ್ಕದಿಂದ ಇಣುಕಬೇಕು. ಅವರ ಬರಹವನ್ನು ಸಂಘದ ಸಂಚಿಕೆಗೆ ಕನ್ನಡ ಮಾಡುತ್ತಿದ್ದೇನೆ. ‘ಗ್ರೌಂಡ್ ಲೂಪ್’ ಹತ್ತಿರ ನಿಂತುಬಿಟ್ಟೆ, ಅಂದರೆ ನೆಲದ ಮೇಲೆ ಓಡುತ್ತಿರುವ ವಿಮಾನ ಹಿಡಿತ ತಪ್ಪಿ ಗಿರ್ರನೆ ತಿರುಗಿಬಿಡುವುದು. ‘ಭೂಕುಣಿಕೆ’ ಅಂತ ಬರೆದು ನಾನೇ ನಕ್ಕೆ.
– ಸು.

ನೆಲಸುತ್ತು. ಮುಗೀತು.
ಚಕ್ರ ಯಾಕೆ? ‘ಬಾಲಗಾಲಿ’ ಅನ್ನಿ. ಬಾಲ ನಮ್ಮದೇ: ತಮಿಳಿನ ವಿಲ್ ನಮ್ಮಲ್ಲಿ ಬಿಲ್ಲು, ವಾಳೈ ಬಾಳೆ, ವಾಲ್ ಬಾಲ. ಬಾಲದಲ್ಲಿದ್ದು ದಿಕ್ಕು ತಿರುಗಿಸುವ ರಡ್ಡರಿಗೆ ‘ಚುಕ್ಕಾಣಿ’ ಇದೆ. ಎರವಲು ಯಾಕೆ ಬೇಕು?
– ಕೆ.

> ನೆಲಸುತ್ತು. ಮುಗೀತು.

ಮುಗೀಲಿಲ್ಲ ಸ್ವಾಮಿ. ಉರುಳುಸೇವೆ ಅಂದ ಹಾಗಿದೆ.
ಫ್ಲೈಯಿಂಗ್ ಕ್ಲಬ್ಬಿನಲ್ಲಿ ಪುಷ್ಪಕ್ ಓಡಿಸಿದವನು ನಾನು. ಬೆಂಗಳೂರಿನ ಎಚ್‌ಎಎಲ್ ಮಾಡಿದ್ದು, 1958ರಲ್ಲಿ ಮೊದಲು ಹಾರಿದ್ದು. ಅದಕ್ಕೂ ಬಾಲದಲ್ಲೇ ಚಕ್ರ. ಇಂಥ ವಿಮಾನದಲ್ಲಿ ಭಾರವೆಲ್ಲ ಮುಂದಿನ ಎರಡು ಗಾಲಿಗಳ ಹಿಂದೆ ಕೂತಿರುತ್ತದೆ. ಟ್ರ್ಯಾಕ್ಟರಿನ ಟ್ರೇಲರ್ ರಿವರ್ಸ್ ತಗೊಂಡಿದ್ದೀರಾ? ಚೂರು ಸೊಟ್ಟ ಆದರೆ ಸಾಕು, ಸೊಟ್ಟ ತಾನಾಗೇ ಜಾಸ್ತಿಯಾಗುತ್ತದೆ. ಇಲ್ಲೂ ಅಷ್ಟೆ. ಪೆಡಲ್ ಒತ್ತಲು ಅರೆಕ್ಷಣ ತಡವಾದರೆ ಬಾಲವೇ ಮುಂದೆ ಬರಲು ನೋಡುತ್ತದೆ, ರೆಕ್ಕೆಯ ತುದಿ ನೆಲ ಕೆರೆಯುತ್ತದೆ. ನನಗೊಮ್ಮೆ ಹಾಗಾದಾಗ ನಮ್ಮ ಮೆಕ್ಯಾನಿಕ್ ಕೇಳಿದ್ದು ಒಂದೇ ಮಾತು: “ಗಿರಕಿ ಹೊಡೆಸಿದ್ರಾ ಸಾರ್?”
– ರಾ.

ಚುಕ್ಕಾಣಿ ಅಪ್ಪಟ ಕನ್ನಡ ಅಂದವರಿಗೆ: ಅರಬ್ಬಿಯ ‘ಸುಕ್ಕಾನ್’ ಹಡಗಿನವರ ಜೊತೆ ಬಂದಿದ್ದು.
– ವಿ.

ಅಪ್ಪಟ ಅಂತ ನಾನು ಎಲ್ಲಿ ಹೇಳಿದೆ? ಬಂದಿದ್ದು ಪಳಗಿದೆ, ಸಾಕು. ಆದರೆ ವಿಮಾನವನ್ನು ನೆಲದ ಮೇಲೆ ಓಡಿಸಿದ್ದಕ್ಕೆ ಇಂಗ್ಲಿಷಿನ ಹಾಗೆ ‘ಟ್ಯಾಕ್ಸಿ ಮಾಡಿದರು’ ಅಂತ ಬರೆದರೆ ಓದುವವರು ಬಾಡಿಗೆ ಎಷ್ಟಾಯ್ತು ಅಂತ ಕೇಳುತ್ತಾರೆ.
– ಕೆ.

ಇಂಗ್ಲಿಷಿನವರೇ ಬಾಡಿಗೆ ಕಾರಿನ ಮಾತನ್ನು ವಿಮಾನಕ್ಕೆ ಅಂಟಿಸಿದ್ದು. ಆ ‘ಟ್ಯಾಕ್ಸಿ’ ಕೂಡ ಬಾಡಿಗೆ ಎಣಿಸುವ ಟ್ಯಾಕ್ಸಿಮೀಟರಿನ ತುಂಡು. ಅವರಿಗಿಲ್ಲದ ನಾಚಿಕೆ ನಮಗ್ಯಾಕೆ?
– ವಿ.

ಪ್ರತಿ ಸಲ ಇದೇ ವಾದ. ನಾನು ಬರೆಯುವುದಿಲ್ಲ ಇನ್ನು.
– ಕೆ.

‘ಗಿರಕಿ’ ಹಾಕಿದೆ, ‘ಬಾಲಗಾಲಿ’ಯೂ ಇರಲಿ. ಟ್ಯಾಕ್ಸಿ ಟ್ಯಾಕ್ಸಿಯಾಗೇ ಹೋಗುತ್ತದೆ, ಕ್ಷಮಿಸಿ. ಇನ್ನೊಂದೇ ಒಂದು: ‘ಕ್ರಾಸ್‌ವಿಂಡ್’?
– ಸು.

ಅಡ್ಡಗಾಳಿ.
– ಕೆ.