ಪಾಸ್‌ವರ್ಡ್ ಮ್ಯಾನೇಜರ್ ಹಾಕಬೇಕಾ, ಡೈರಿಯೇ ಸಾಕಾ?

ಸೇಡಂ ರಸ್ತೆ: ಕಲಬುರಗಿಯ ನಮ್ಮ ಮನೆಯಲ್ಲಿ ಬ್ಯಾಂಕು, ಜಿಮೇಲ್, ಗ್ಯಾಸ್ ಎಲ್ಲಕ್ಕೂ ಒಂದೇ ಪಾಸ್‌ವರ್ಡ್. ತಂಗಿಯ ವಿದ್ಯಾರ್ಥಿವೇತನಕ್ಕೂ ಅದೇ. ಅದು ಅರ್ಜಿ ತುಂಬಿಕೊಟ್ಟ ಆನ್‌ಲೈನ್ ಅಂಗಡಿಯ ರಿಜಿಸ್ಟರ್‌ನಲ್ಲೂ ಬರೆದಿದೆ. ನನಗೆ ಭಯ ಆಗುತ್ತಿದೆ. ಎಲ್ಲಾ ಪಾಸ್‌ವರ್ಡ್‌ಗಳನ್ನು ಒಂದೇ ಕಡೆ ಬೀಗ ಹಾಕಿ ಇಡುವ ಪಾಸ್‌ವರ್ಡ್ ಮ್ಯಾನೇಜರ್ ಬಿಟ್‌ವಾರ್ಡನ್ ಹಾಕೋಣ ಅಂತಿದ್ದೇನೆ. ಉಚಿತ ಖಾತೆಯಲ್ಲೇ ಎಷ್ಟು ಪಾಸ್‌ವರ್ಡ್ ಬೇಕಾದರೂ ಇಡಬಹುದು, ಫೋನಿನಲ್ಲೂ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಅಪ್ಪ, ಅಮ್ಮ ಬಳಸಲು ಇದು ಸರಿಯಾ?

ಬೀದರ್ ಕೋಟೆ: ಎಲ್ಲಾ ಒಂದೇ ಕಡೆ ಇಡುತ್ತೀರಾ? 2022ರಲ್ಲಿ ಇಂಥದೇ ಇನ್ನೊಂದು ಮ್ಯಾನೇಜರ್ ಲಾಸ್ಟ್‌ಪಾಸ್ ಗತಿ ಏನಾಯಿತು? ಗ್ರಾಹಕರ ಪಾಸ್‌ವರ್ಡ್ ತಿಜೋರಿಗಳ ಬ್ಯಾಕಪ್ಪೇ ಕಳ್ಳರ ಪಾಲಾಯಿತು. ಡೈರಿಯಲ್ಲಿ ಬರೆದು ಅಲಮಾರಿಯಲ್ಲಿ ಇಡಿ. ಎಲ್ಲೋ ಕೂತ ಹ್ಯಾಕರ್ ನಿಮ್ಮ ಅಲಮಾರಿ ತೆಗೆಯಲು ಬರುತ್ತಾನಾ?

ಕೀಪಾಸ್ ಕಲಬುರಗಿ: "ಕಳ್ಳರ ಪಾಲಾಯಿತು" ಅಂತ ಅಲ್ಲಿಗೇ ನಿಲ್ಲಿಸಬೇಡಿ ಅಣ್ಣಾ. ವೆಬ್‌ಸೈಟ್ ವಿಳಾಸಗಳು ಬಯಲಾದವು, ನಿಜ. ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ದವು, ಅಂದರೆ ಕೀಲಿ ಇಲ್ಲದೆ ಓದಲಾಗದ ಗುಪ್ತ ರೂಪದಲ್ಲಿದ್ದವು. ಇಡೀ ತಿಜೋರಿ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಗಟ್ಟಿ ಇದ್ದರೆ ಒಡೆಯುವುದು ಬಹಳ ಕಷ್ಟ. ಅಷ್ಟೂ ನಂಬಿಕೆ ಇಲ್ಲದಿದ್ದರೆ ಕೀಪಾಸ್‌ಎಕ್ಸ್‌ಸಿ ಅನ್ನುವ ಮ್ಯಾನೇಜರ್ ಇದೆ. ಫೈಲ್ ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಬ್ಯಾಕಪ್ ಮಾತ್ರ ನೀವೇ ಇಟ್ಟುಕೊಳ್ಳಬೇಕು.

ಶಹಾಪುರ ಮಾಸ್ತರ್: "ಗಟ್ಟಿ ಇದ್ದರೆ" ಅಂದಿರಲ್ಲ, ಅದಕ್ಕೆ ಸುಲಭ ದಾರಿ ಹೇಳುತ್ತೇನೆ. ಒಂದು ವಚನದ ಸಾಲನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಉದ್ದವೂ ಆಯಿತು, ಮರೆಯುವುದೂ ಇಲ್ಲ. ಹೊರದೇಶದ ಹ್ಯಾಕರ್‌ಗೆ ಕನ್ನಡ ಎಲ್ಲಿ ಬರುತ್ತದೆ?

ಕೀಪಾಸ್ ಕಲಬುರಗಿ: ಕನ್ನಡ ಬರಬೇಕಾಗಿಲ್ಲ ಮಾಸ್ತರ್. ಊಹೆ ಮಾಡುವುದು ಮನುಷ್ಯ ಅಲ್ಲ, ಪ್ರೋಗ್ರಾಂ. ಅದು ಮೊದಲು ಸೋರಿಕೆಯಾದ ಪಾಸ್‌ವರ್ಡ್‌ಗಳನ್ನು ಹಾಕಿ ನೋಡುತ್ತದೆ. 2009ರಲ್ಲಿ ರಾಕ್‌ಯು ಅನ್ನುವ ಒಂದೇ ಕಂಪನಿಯಿಂದ 3 ಕೋಟಿಗೂ ಜಾಸ್ತಿ ಪಾಸ್‌ವರ್ಡ್ ಹೊರಬಿದ್ದವು. ಆ ಪಟ್ಟಿ ಇವತ್ತಿಗೂ ಬಳಕೆಯಲ್ಲಿದೆ. ಆಮೇಲೆ ನೆಟ್ಟಿನಲ್ಲಿ ಸಿಗುವ ಸಾಲುಗಳ ಸರದಿ. ವಚನಗಳೂ ನೆಟ್ಟಿನಲ್ಲಿವೆ.

ಶಹಾಪುರ ಮಾಸ್ತರ್: "ನೆಟ್ಟಿನಲ್ಲಿವೆ" ಅಂದರೆ ಮುಗಿಯಿತಾ? ವಚನಗಳು ಸಾವಿರಾರು. ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. 'ಳ' ಬಂದಲ್ಲಿ ಒಬ್ಬರು ದೊಡ್ಡ ಎಲ್ ಹಾಕಿದರೆ ಇನ್ನೊಬ್ಬರು ಚಿಕ್ಕದು ಹಾಕುತ್ತಾರೆ. ಅಷ್ಟನ್ನೂ ಯಾರು ಹಾಕಿ ನೋಡುತ್ತಾರೆ?

ಯಾದಗಿರಿ ಅಕ್ಕ: ಕಂಪ್ಯೂಟರ್ ನೋಡುತ್ತದೆ ಸರ್! ಹತ್ತು ಸಾವಿರ ಸಾಲು, ಒಂದೊಂದಕ್ಕೆ ಸಾವಿರ ಸ್ಪೆಲ್ಲಿಂಗ್ ಅಂತ ಹಿಡಿದರೂ ಒಂದು ಕೋಟಿ. ಅದು ಏನೂ ಅಲ್ಲ. ಡೈಸ್‌ವೇರ್ ಅಂತ ಒಂದು ಪದ್ಧತಿ ಇದೆ. ಲುಡೋ ದಾಳವನ್ನು ಐದು ಸಲ ಹಾಕಿದರೆ 7776 ಪದಗಳ ಪಟ್ಟಿಯಿಂದ ಒಂದು ಪದ ಬರುತ್ತದೆ. ಹೀಗೆ ಆರು ಪದ ಆರಿಸಿ. 2ರ ಮುಂದೆ 23 ಸೊನ್ನೆ ಹಾಕಿದರೆ ಎಷ್ಟೋ, ಅದಕ್ಕಿಂತ ಜಾಸ್ತಿ ಸಾಧ್ಯತೆಗಳು.

ಬೀದರ್ ಕೋಟೆ: "ಅದು ಏನೂ ಅಲ್ಲ" ಅಂತೆ! ಬಸವಕಲ್ಯಾಣ ಇರುವ ಈ ಭಾಗದಲ್ಲಿ ಕೂತು ವಚನವನ್ನು ಹೀಗೆ ಅನ್ನುತ್ತೀರಾ? ಮಾತು ನೋಡಿಕೊಂಡು ಆಡಿ.

ಯಾದಗಿರಿ ಅಕ್ಕ: ನಾನು ಅಂದಿದ್ದು ಒಂದು ಕೋಟಿ ಅನ್ನುವ ಸಂಖ್ಯೆಗೆ. ವಚನಕ್ಕೆ ಅಲ್ಲ. ನಾನೂ ದಿನಾ ವಚನ ಓದುವವಳೇ. ಎಲ್ಲರಿಗೂ ಗೊತ್ತಿರುವ ಮಾತನ್ನು ಬೀಗದ ಕೈ ಮಾಡಿಕೊಳ್ಳಬೇಡಿ ಅಂದೆ, ಅಷ್ಟೇ.

ಶಹಾಪುರ ಮಾಸ್ತರ್: "ಎಲ್ಲರಿಗೂ ಗೊತ್ತಿರುವ" ಅನ್ನುವುದೇ ತಪ್ಪು. ನನ್ನ ತರಗತಿಗೆ ಬನ್ನಿ. ಎಷ್ಟು ಮಕ್ಕಳಿಗೆ ಒಂದು ವಚನ ಪೂರ್ತಿ ಬರುತ್ತದೆ ಅಂತ ಕೇಳಿ ನೋಡಿ.

ಸೇಡಂ ರಸ್ತೆ: ದಯವಿಟ್ಟು ಬಿಟ್‌ವಾರ್ಡನ್ ಬಗ್ಗೆ ಹೇಳಿ. ಅಪ್ಪನಿಗೆ ಆರು ಇಂಗ್ಲಿಷ್ ಪದ ನೆನಪಿರಲ್ಲ.

ಯಾದಗಿರಿ ಅಕ್ಕ: ಇಂಗ್ಲಿಷೇ ಯಾಕೆ ತಮ್ಮಾ? ಕನ್ನಡ ನಿಘಂಟಿನ ಪುಟಗಳನ್ನು ದಾಳ ಹಾಕಿ ಆರಿಸಿ. ತೊಗರಿ, ಜೋಳ, ಭೀಮಾ ಅಂತ ನೀವೇ ಯೋಚಿಸಿ ಆರಿಸಬೇಡಿ. ನಮ್ಮ ಕಡೆಯವರಿಗೆ ಮೊದಲು ಹೊಳೆಯುವುದೇ ಅವು.

ಶಹಾಪುರ ಮಾಸ್ತರ್: ಹಾಗಾದರೆ ಕನ್ನಡ ನಡೆಯುತ್ತದೆ ಅಂತಾಯಿತು. ನಾನು ಮೊದಲಿನಿಂದ ಹೇಳಿದ್ದೂ ಅದೇ.

ಯಾದಗಿರಿ ಅಕ್ಕ: ಅದಲ್ಲ ಸರ್! ನೀವು ಹೇಳಿದ್ದು ಜೋಡಿಸಿಟ್ಟ ಸಾಲು. ನಾನು ಹೇಳಿದ್ದು ದಾಳ.

ಬೀದರ್ ಕೋಟೆ: ಆ ಆರು ಪದ ಮರೆತರೆ? ಕೊನೆಗೆ ಡೈರಿಯಲ್ಲೇ ಬರೆಯುತ್ತೀರಿ ತಾನೇ?

ಕೀಪಾಸ್ ಕಲಬುರಗಿ: ಅದೊಂದನ್ನು ಬರೆದು ಅಲಮಾರಿಯಲ್ಲಿ ಇಡಿ, ಬೇಡ ಅನ್ನಲ್ಲ. ಉಳಿದದ್ದಕ್ಕೆ ಡೈರಿ ಬೇಡ. ಕರೆಂಟ್ ಬಿಲ್ ಹೆಸರಲ್ಲಿ ನಕಲಿ ಲಿಂಕ್ ಬಂದರೆ ಅಪ್ಪ ಡೈರಿ ನೋಡಿ ಅದರಲ್ಲೂ ಪಾಸ್‌ವರ್ಡ್ ಹೊಡೆಯುತ್ತಾರೆ. ವಿಳಾಸ ಬೇರೆ ಇದ್ದರೆ ಮ್ಯಾನೇಜರ್ ತಾನಾಗಿ ತುಂಬುವುದಿಲ್ಲ. ಅಲ್ಲೇ ಎಚ್ಚರ ಆಗಬಹುದು.

ಬೀದರ್ ಕೋಟೆ: "ಅಲಮಾರಿಯಲ್ಲಿ ಇಡಿ" ಅಂದಿರಲ್ಲ, ಅಷ್ಟು ಸಾಕು ನನಗೆ.

ಸೇಡಂ ರಸ್ತೆ: ಬಿಟ್‌ವಾರ್ಡನ್ ಹಾಕಿದೆ. ತಂಗಿಯ ಪಾಸ್‌ವರ್ಡ್ ಮೊದಲು ಬದಲಿಸಿದೆ. ಜಿಮೇಲ್‌ಗೆ ಎರಡು ಹಂತದ ಪರಿಶೀಲನೆಯನ್ನೂ ಆನ್ ಮಾಡಿದೆ. ದಾಳ ಪಕ್ಕದ ಮನೆಯಿಂದ ತರಬೇಕು.

ಶಹಾಪುರ ಮಾಸ್ತರ್: ಒಂದು ಸಾಲಿಗೆ ಸಾವಿರ ಸ್ಪೆಲ್ಲಿಂಗ್ ಅನ್ನುವ ಲೆಕ್ಕ ಎಲ್ಲಿಂದ ಬಂತು? ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.