ಮಕ್ಕಳು ಕೇಳಿದರೆ ಹೇಳಬೇಕೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಶಿಕ್ಷಕ):
ಖಾಸಗಿ ಪ್ರೌಢಶಾಲೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ನಾನು ಸಲಿಂಗಿ ಎಂಬುದು ಅಕ್ಕನೊಬ್ಬಳಿಗಲ್ಲದೆ ಯಾರಿಗೂ ತಿಳಿಯದು. "ಸರ್, ಮದುವೆ ಊಟ ಯಾವಾಗ?" ಎಂದು ಮಕ್ಕಳು ಕೇಳಿದಾಗಲೆಲ್ಲ "ಅಡಿಕೆಗೆ ರೇಟು ಬರಲಿ" ಎಂದು ನಗಿಸಿ ಪಾರಾಗುತ್ತಿದ್ದೆ. ಕಳೆದ ವಾರ ಹತ್ತನೇ ತರಗತಿಯ ಮೆಲುದನಿಯ ಹುಡುಗನೊಬ್ಬನ ಪುಸ್ತಕದ ರಟ್ಟಿನ ಮೇಲೆ ಯಾರೋ ಕೆಟ್ಟ ಪದ ಗೀಚಿದ್ದರು. ಅವನು ಅದನ್ನು ಉಗುರಿನಿಂದ ಕೆರೆದೂ ಕೆರೆದೂ ರಟ್ಟೇ ಕಿತ್ತುಬಂದಿತ್ತು. ನಾನು ಮೌನವಾಗಿರುವುದು ಅವನಿಗೆ ಮಾಡುವ ಅನ್ಯಾಯವೇ?

ಉತ್ತರ 1 (ನಿವೃತ್ತ ಮುಖ್ಯೋಪಾಧ್ಯಾಯಿನಿ, ಸಾಗರ):
ಮೇಷ್ಟ್ರೇ, ಎರಡು ವಿಷಯಗಳನ್ನು ಒಂದಕ್ಕೊಂದು ಗಂಟು ಹಾಕಿದ್ದೀರಿ. ಆ ಪದವನ್ನು ತರಗತಿಯಲ್ಲಿ ನಿಲ್ಲಿಸುವುದಕ್ಕೆ ನೀವು ಶಿಕ್ಷಕರಾಗಿದ್ದರೆ ಸಾಕು, ಸಲಿಂಗಿಯಾಗಿರಬೇಕೆಂದಿಲ್ಲ. ಅದನ್ನು ನಾಳೆಯೇ ಮಾಡಿ. ಆದರೆ ನಿಮ್ಮ ಸ್ವಂತ ವಿಷಯ ಹೇಳಿದರೆ, ಅದು ಸಂಜೆಯೊಳಗೆ ಊರಿನ ಎಲ್ಲ ಜಗಲಿಗಳನ್ನೂ ತಲುಪುತ್ತದೆ. ತಾಯಿಯವರಿಗೆ ಮೊದಲು ನಿಮ್ಮಿಂದಲೇ ತಿಳಿಯಲಿ.

ಉತ್ತರ 2 (ವಕೀಲ, ಶಿವಮೊಗ್ಗ):
2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ ಆಗಿನ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟಿತು. ಅದಕ್ಕೂ ಮೊದಲೇ, ಅದೇ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಲೈಂಗಿಕ ಒಲವನ್ನು ಖಾಸಗಿತನದ ಭಾಗವೆಂದು ಹೇಳಿತ್ತು. ಆದ್ದರಿಂದ ಹೇಳದಿರುವುದೂ ನಿಮ್ಮ ಹಕ್ಕೇ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಮಿನ ಪ್ರಕಾರ ವಿಚಾರಣೆಯಿಲ್ಲದೆ ವಜಾ ಮಾಡುವಂತಿಲ್ಲ, 94ರಡಿ ಮೇಲ್ಮನವಿಗೂ ಅವಕಾಶವಿದೆ. ನೇಮಕಾತಿ ಆದೇಶದ ಪ್ರತಿಯನ್ನು ಜೋಪಾನವಾಗಿಡಿ. ಆದರೆ ಕಾಯ್ದೆಯೊಂದನ್ನೇ ನೆಚ್ಚಬೇಡಿ. 2010ರಲ್ಲಿ ಅಲೀಗಢದ ಮರಾಠಿ ಪ್ರಾಧ್ಯಾಪಕ ರಾಮಚಂದ್ರ ಸಿರಸ್ ಅವರ ಮನೆಗೆ ನುಗ್ಗಿ, ಅವರು ಇನ್ನೊಬ್ಬ ಪುರುಷನೊಂದಿಗಿದ್ದುದನ್ನು ಚಿತ್ರೀಕರಿಸಿದರು, ವಿಶ್ವವಿದ್ಯಾಲಯ ಅವರನ್ನೇ ಅಮಾನತು ಮಾಡಿತು. ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ನೀಡಿದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಉತ್ತರ 3 (ಶಿಕ್ಷಕಿ, ಹೊಸನಗರ):
ಮೊದಲ ಉತ್ತರವನ್ನು ನಾನು ಪೂರ್ತಿ ಒಪ್ಪಲಾರೆ. ನನ್ನಂಥವರು ಇನ್ನೊಬ್ಬರಿದ್ದಾರೆಂದು ಹದಿನೈದರ ವಯಸ್ಸಿನಲ್ಲಿ ತಿಳಿದಿದ್ದರೆ ನನಗೆ ಎಷ್ಟೋ ವರ್ಷಗಳ ಸಂಕಟ ತಪ್ಪುತ್ತಿತ್ತು. ಹಾಗೆಂದು ತರಗತಿಯಲ್ಲಿ ನಾನೂ ಹೇಳಿದವಳಲ್ಲ. ಶಾಲೆ ಬಿಟ್ಟು, ಕಾಲೇಜು ಮುಗಿಸಿ, ತಾನಾಗಿ ಹುಡುಕಿಕೊಂಡು ಬಂದ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಹೇಳಿದ್ದೇನೆ. ಒಂದು ಮಾತು: "ಹುಡುಗಿ ನೋಡುತ್ತಿದ್ದಾರೆ" ಎಂಬಂಥ ಸುಳ್ಳನ್ನು ಮಾತ್ರ ಹೇಳಬೇಡಿ. ಮುಂದೆ ಯಾವತ್ತಾದರೂ ನಿಜ ಹೇಳಬೇಕೆನಿಸಿದಾಗ ಆ ಸುಳ್ಳೇ ಬಾಯಿ ಕಟ್ಟುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಇಂದು ಮೊದಲ ಪೀರಿಯಡ್‌ನಲ್ಲೇ ಆ ಪದದ ಬಗ್ಗೆ ಮಾತನಾಡಿದೆ, ನನ್ನ ವಿಷಯ ಎತ್ತಲಿಲ್ಲ. ಹುಡುಗ ತಲೆಯೆತ್ತಲಿಲ್ಲವಾದರೂ, ಮಧ್ಯಾಹ್ನ ಪುಸ್ತಕಕ್ಕೆ ಬೈಂಡ್ ಹಾಕಿಕೊಡುವಿರಾ ಎಂದು ಸ್ಟಾಫ್ ರೂಮಿಗೆ ಬಂದಿದ್ದ.